ಸೋಲು ಯಾರ ತಲೆಗೆ?

ಮಲಬಾರಿನ ಸೆವೆನ್ಸ್ ಫುಟ್‌ಬಾಲ್ ಹುಚ್ಚಿರುವ ಊರು ವಯನಾಡಿನ ಕಲ್ಪೆಟ್ಟ. ಸೆವೆನ್ಸ್‌ನಲ್ಲಿ ಅಂಗಳ ಚಿಕ್ಕದು, ಆಡುವವರು ಏಳೇ ಮಂದಿ. ಒಬ್ಬನ ಕಾಲು ತಪ್ಪಿದರೆ ಚೆಂಡು ಬಲೆಯಲ್ಲಿ. ಅಲ್ಲಿ ಸೋಲನ್ನು ಒಬ್ಬನ ತಲೆಗೆ ಕಟ್ಟುವುದರಲ್ಲಿ ಒಂದಿಷ್ಟು ನ್ಯಾಯವಿದೆ. ಅದೇ ಅಳತೆಯನ್ನು ಹನ್ನೊಂದು ಮಂದಿಯ ಆಟಕ್ಕೂ ಹಿಡಿಯುವುದೇ ತೊಡಕು. ತಪ್ಪು ಮಾಡುವವನು ಆಟಗಾರನೇ, ನಿಜ. ಆದರೆ ಯಾರು, ಎಲ್ಲಿ, ಎಷ್ಟು ಸಲ ಒಂಟಿಯಾಗಿ ಸಿಕ್ಕಿಬೀಳಬೇಕೆಂಬುದನ್ನು ಬಹುಮಟ್ಟಿಗೆ ತಂತ್ರ ಮೊದಲೇ ತೀರ್ಮಾನಿಸಿರುತ್ತದೆ.

1950ರ ವಿಶ್ವಕಪ್ಪಿನಲ್ಲಿ ಉರುಗ್ವೆಗೆ 1-2ರಿಂದ ಸೋತ ಬ್ರೆಜಿಲ್, ಗೋಲ್‌ಕೀಪರ್ ಬಾರ್ಬೊಸಾನನ್ನು ಅವನು ಸಾಯುವವರೆಗೂ ಕ್ಷಮಿಸಲಿಲ್ಲ. ಆ ಎರಡೂ ಗೋಲುಗಳು ಹುಟ್ಟಿದ್ದು ಒಂದೇ ದಾರಿಯಲ್ಲಿ. ಉರುಗ್ವೆಯ ಘಿಜ್ಜಾ ಬಲ ಅಂಚಿನಲ್ಲಿ ಓಡಿ ಚೆಂಡನ್ನು ಒಳಗೆ ಕೊಟ್ಟಾಗ ಮೊದಲನೆಯದು ಬಂತು. ಅದೇ ಅಂಚಿನಲ್ಲಿ ಮತ್ತೆ ಓಡಿ, ಈ ಸಲ ಕೊಡದೆ ತಾನೇ ಹೊಡೆದಾಗ ಎರಡನೆಯದು. ಆ ಅಂಚನ್ನು ಯಾಕೆ ಮುಚ್ಚಲಿಲ್ಲ ಎಂದು ಕೇಳುವ ಬದಲು ಕೊನೆಗೆ ಚೆಂಡು ಮುಟ್ಟಬೇಕಾಗಿದ್ದವನನ್ನು ಹಿಡಿದುಕೊಂಡರು. ಮೂರು ವರ್ಷದ ಬಳಿಕ ವೆಂಬ್ಲಿಯಲ್ಲಿ ಹಂಗೇರಿ ಇಂಗ್ಲೆಂಡನ್ನು 6-3ರಿಂದ ಮಣಿಸಿತು. ಹಂಗೇರಿಯ ಸೆಂಟರ್ ಫಾರ್ವರ್ಡ್ ಹಿಡೆಕುಟಿ ಹಿಂದಕ್ಕೆ ಸರಿದು ಆಡುತ್ತಿದ್ದ. ಅವನ ಬೆನ್ನಟ್ಟಬೇಕೋ, ತನ್ನ ಜಾಗದಲ್ಲೇ ನಿಲ್ಲಬೇಕೋ ಎಂಬುದು ಇಂಗ್ಲೆಂಡಿನ ಸೆಂಟರ್ ಹಾಫ್ ಜಾನ್‌ಸ್ಟನ್‌ಗೆ ಕೊನೆಯವರೆಗೂ ಬಗೆಹರಿಯಲಿಲ್ಲ. 1954ರ ಮೇ ತಿಂಗಳಲ್ಲಿ ಬುಡಾಪೆಸ್ಟ್‌ನಲ್ಲಿ ಮತ್ತೆ ಎದುರಾದಾಗ ಇಂಗ್ಲೆಂಡ್ ಏಳು ಮಂದಿಯನ್ನು ಬದಲಿಸಿತ್ತು, ಜಾನ್‌ಸ್ಟನ್ ಕೂಡ ಇರಲಿಲ್ಲ. ಆಟದ ವಿನ್ಯಾಸ ಮಾತ್ರ ಹಳೆಯದೇ. 7-1ರಿಂದ ಸೋತಿತು. ಆಟಗಾರರೇ ಕಾರಣವೆನ್ನುವವರು ಈ ಎರಡು ಪಂದ್ಯಗಳನ್ನು ಜೊತೆಗಿಟ್ಟು ನೋಡಬೇಕು.

ಹಾಗೆಂದು ಎಲ್ಲ ಸೋಲನ್ನೂ ತಂತ್ರದ ಲೆಕ್ಕಕ್ಕೆ ಬರೆಯಲಾಗದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ರಾಮನ್ ಗೋಲು ಹೊಡೆದರೂ ಭಾರತ ಫ್ರಾನ್ಸ್‌ಗೆ 1-2ರಿಂದ ಸೋತಿತು. ಕೈತಪ್ಪಿದ್ದು ಎರಡು ಪೆನಾಲ್ಟಿ. ಪೆನಾಲ್ಟಿಯ ಮುಂದೆ ತಂತ್ರಕ್ಕೆ ಹೆಚ್ಚು ಕೆಲಸವಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 1-10. ಆ ಒಂದು ಗೋಲು ಬೆಂಗಳೂರಿನ ಅಹಮದ್ ಖಾನ್ ಅವರದು. ಆ ಚಳಿಯಲ್ಲಿ ನಮ್ಮವರು ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಇದು ಆಟಗಾರನ ದೋಷವೂ ಅಲ್ಲ, ಬರೀ ತಂತ್ರದ್ದೂ ಅಲ್ಲ, ಸಿದ್ಧತೆಯದು. ಬಳಿಕ ಬೂಟು ಕಡ್ಡಾಯವಾಯಿತು. ಹೆಲ್ಸಿಂಕಿಯಲ್ಲಿದ್ದ ಕೋಚ್ ರಹೀಂ ಅವರ ಕೈಯಲ್ಲೇ ಭಾರತ 1956ರ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು.

ಮುಂದೆ ಅಂಕಿಅಂಶಗಳು ಬಂದವು. ಚಾರ್ಲ್ಸ್ ರೀಪ್ ಮತ್ತು ಬೆಂಜಮಿನ್ 1968ರ ಪ್ರಬಂಧದಲ್ಲಿ ಅದೃಷ್ಟಕ್ಕೂ ದೊಡ್ಡ ಪಾಲು ಕೊಟ್ಟರು. ರೀಪ್ ತನ್ನ ಎಣಿಕೆಯಿಂದ ಕಟ್ಟಿದ ಉದ್ದ ಪಾಸಿನ ಸಿದ್ಧಾಂತ ಕೆಟ್ಟದ್ದು. ಎಣಿಸಿದ್ದು ಮಾತ್ರ ಉಪಯೋಗಕ್ಕೆ ಬಂತು. ಈಗಿನ ‘ನಿರೀಕ್ಷಿತ ಗೋಲು’ ಲೆಕ್ಕ ಪ್ರತಿ ಹೊಡೆತವೂ ಗೋಲಾಗುವ ಸಂಭವವನ್ನು ಅಳೆಯುತ್ತದೆ. ಒಳ್ಳೆಯ ಅವಕಾಶಗಳನ್ನು ಸೃಷ್ಟಿಸಿಯೂ ಸೋತರೆ ಹೊಡೆಯುವವರನ್ನೋ ಅದೃಷ್ಟವನ್ನೋ ಕೇಳಬಹುದು, ಅವಕಾಶವೇ ಹುಟ್ಟದಿದ್ದರೆ ವಿನ್ಯಾಸವನ್ನು. ಹೊಡೆತದ ತನಕ ಬಾರದೆ ಸತ್ತ ದಾಳಿಗಳು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ.

ನನ್ನ ವಾದಕ್ಕೆ ಬಲವಾದ ಆಕ್ಷೇಪ ಬರುವುದು ಕೇರಳದ ಮಂಜೇರಿಯಿಂದ. 2022ರ ಏಪ್ರಿಲ್ 28ರ ಸಂತೋಷ್ ಟ್ರೋಫಿ ಸೆಮಿಫೈನಲ್‌ನಲ್ಲಿ ಮೊದಲ ಗೋಲು ಹೊಡೆದ ಕರ್ನಾಟಕ ಕೇರಳಕ್ಕೆ 3-7ರಿಂದ ಸೋತಿತು. ಅರ್ಧ ಗಂಟೆಯ ಹೊತ್ತಿಗೆ ಬದಲಿಯಾಗಿ ಇಳಿದ ಕೇರಳದ ಜೆಸಿನ್ ಒಬ್ಬನೇ ಐದು ಗೋಲು ಹೊಡೆದ. ಒಬ್ಬ ಆಟಗಾರ ಪಂದ್ಯ ತಿರುಗಿಸಲಾರನೆಂದು ಯಾರು ಹೇಳಿಯಾರು? ಆದರೆ ಅವನನ್ನು ಆ ಹೊತ್ತಿಗೇ ಇಳಿಸಿದ್ದು ಕೋಚ್ ಬಿನೊ ಜಾರ್ಜ್ ಅವರ ಲೆಕ್ಕ. ವಿರಾಮದೊಳಗೇ ಅವನಿಗೆ ಮೂರು ಗೋಲು ಬಿಟ್ಟುಕೊಟ್ಟದ್ದು ಒಬ್ಬ ಡಿಫೆಂಡರನ ಎಡವಟ್ಟಿನಿಂದ ಆಗುವ ಕೆಲಸವಲ್ಲ. ಮರುವರ್ಷ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಕರ್ನಾಟಕ ಟ್ರೋಫಿ ಎತ್ತಿತು. ಆ ಗೆಲುವನ್ನು ನನ್ನ ಪರವಾಗಿ ಸಾಕ್ಷಿಗೆ ಕರೆಯಲಾರೆ: ಆಗ ಕೋಚೂ ಹೊಸಬರು, ತಂಡವೂ ಹಿಂದಿನದಲ್ಲ.