ದೊಡ್ಡ ಮೂಗಿನ ಫ್ರುಂಜಿಕ್

‘ಅಲಿಬಾಬಾ ಔರ್ 40 ಚೋರ್’ (1980) ನೆನಪಿದೆಯಾ? ಧರ್ಮೇಂದ್ರ, ಹೇಮಾಮಾಲಿನಿ ಇದ್ದ ಭಾರತ-ಸೋವಿಯತ್ ಜಂಟಿ ಚಿತ್ರ. ಅದರಲ್ಲಿ ದೊಡ್ಡ ಮೂಗಿನ, ನಗುವಾಗಲೂ ಅಳುವಂತೆ ಕಾಣುವ ಕಣ್ಣುಗಳ ಒಬ್ಬ ನಟ ಇದ್ದಾನೆ. ನಮ್ಮಲ್ಲಿ ಹೆಚ್ಚಿನವರು ಗಮನಿಸಿರಲಿಕ್ಕಿಲ್ಲ. ಆದರೆ ಆರ್ಮೇನಿಯಾದಲ್ಲಿ ಈತ ಮನೆಮಾತು. ಪೂರ್ತಿ ಹೆಸರು ಫ್ರುಂಜಿಕ್ ಮ್ಕರ್ತಚ್ಯಾನ್. ನಾಲಿಗೆ ತಿರುಗದಿದ್ದರೆ ಚಿಂತೆಯಿಲ್ಲ, ಅಲ್ಲಿನವರಿಗೂ ಆತ ಬರೀ ಫ್ರುಂಜಿಕ್!

ಹುಟ್ಟಿದ್ದು 1930ರ ಜುಲೈ 4ರಂದು, ಲೆನಿನಾಕಾನ್‌ನಲ್ಲಿ (ಈಗಿನ ಗ್ಯುಮ್ರಿ). ಅಪ್ಪ ಅಮ್ಮ ಇಬ್ಬರೂ 1915ರ ನರಮೇಧದಲ್ಲಿ ಅನಾಥರಾಗಿ ಬದುಕುಳಿದವರು. ಇಬ್ಬರಿಗೂ ಬಟ್ಟೆ ಗಿರಣಿಯಲ್ಲಿ ಕೆಲಸ. ಮಗ ಯೆರೆವಾನ್‌ನಲ್ಲಿ ನಟನೆ ಕಲಿತು ಅಲ್ಲಿನ ಸುಂದುಕ್ಯಾನ್ ರಂಗಮಂದಿರ ಸೇರಿದ.

1967ರಲ್ಲಿ ಗೈದಾಯ್ ನಿರ್ದೇಶನದ ರಷ್ಯನ್ ಹಾಸ್ಯಚಿತ್ರವೊಂದರಲ್ಲಿ, ಹೆಂಡತಿಯ ಸೊಸೆಯನ್ನು ಕುರಿಗಳ ಲೆಕ್ಕದಲ್ಲಿ ಚೌಕಾಸಿ ಮಾಡಿ ಮಾರುವ ಜಬ್ರಾಯಿಲ್ ಆದ. ಏಳು ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾದ ಸಿನಿಮಾ ಅದು. ಅದೇ ವರ್ಷ ಆರ್ಮೇನಿಯನ್ ಭಾಷೆಯ ‘ತ್ರಿಕೋನ’ದಲ್ಲಿ ತನ್ನೂರಿನ ಕುಲುಮೆಯ ಕಮ್ಮಾರ. ಒಂದರಲ್ಲಿ ನಗಿಸಿದ, ಇನ್ನೊಂದರಲ್ಲಿ ಕಾಡಿದ.

ನನಗೆ ತುಂಬಾ ಇಷ್ಟವಾದದ್ದು ‘ಮಿಮಿನೊ’ (1977). ಇದರಲ್ಲಿ ಆತ ದಿಲಿಜಾನ್ ಊರಿನ ಲಾರಿ ಡ್ರೈವರ್ ರೂಬಿಕ್. ಯಾರನ್ನೋ ಡಾಕ್ಟರೆಂದು ಕಾಯುತ್ತಿದ್ದ ಮಾಸ್ಕೋದ ಹೋಟೆಲಿನವರು ಇವನಿಗೆ ರೂಮು ಕೊಡ್ತಾರೆ. ಜೊತೆಗಿರುವವನು ಜಾರ್ಜಿಯಾದ ಹೆಲಿಕಾಪ್ಟರ್ ಪೈಲಟ್. ಇಬ್ಬರ ನಡುವೆ ಮಾತು ರಷ್ಯನ್‌ನಲ್ಲಿ, ಆದರೆ ಅವರವರ ಊರಿನ ಧಾಟಿಯಲ್ಲಿ. ನಮ್ಮೂರ ನಲ್ಲಿ ನೀರಿಗೆ ಪ್ರಪಂಚದಲ್ಲೇ ಎರಡನೇ ಸ್ಥಾನ ಅಂತಾನೆ ರೂಬಿಕ್. ಮೊದಲನೆಯದು ಯೆರೆವಾನಿನದಾ ಎಂದು ಗೆಳೆಯ ಛೇಡಿಸಿದರೆ, ಅಲ್ಲ, ಸಾನ್ ಫ್ರಾನ್ಸಿಸ್ಕೋದ್ದು ಅಂತ ಗಂಭೀರವಾಗಿ ಹೇಳ್ತಾನೆ!

ಇಲ್ಲಿ ಒಂದು ಮಾತು. ದೊಡ್ಡ ಭಾಷೆಯ ಸಿನಿಮಾದಲ್ಲಿ ಸಣ್ಣ ಭಾಷೆಯವನು ಬಂದರೆ ಅವನ ಉಚ್ಚಾರವೇ ಜೋಕು. ‘ಪಡೋಸನ್’ (1968) ಚಿತ್ರದ ಮೆಹಮೂದ್ ‘ಮದ್ರಾಸಿ’ಯನ್ನು ನೆನಪಿಸಿಕೊಳ್ಳಿ. ಫ್ರುಂಜಿಕ್‌ನ ರಷ್ಯನ್‌ಗೂ ಜನ ನಕ್ಕರು ನಿಜ. ಆದರೆ ರೂಬಿಕ್ ಪೆದ್ದನಲ್ಲ. ಸ್ವಾಭಿಮಾನಿ, ಸ್ನೇಹಕ್ಕೆ ಜೀವ ಕೊಡುವವನು. ಸಿನಿಮಾ ಮುಗಿಯುವಾಗ ನಾವು ಅವನನ್ನು ನೋಡಿ ನಗುತ್ತಿರುವುದಿಲ್ಲ, ಅವನ ಜೊತೆ ನಗುತ್ತಿರುತ್ತೇವೆ. ಈ ವ್ಯತ್ಯಾಸ ಸಣ್ಣದಲ್ಲ.

1984ರಲ್ಲಿ ಸೋವಿಯತ್ ಒಕ್ಕೂಟದ ‘ಜನತಾ ಕಲಾವಿದ’ ಬಿರುದು ಬಂತು. ಮನೆಯಲ್ಲಿ ಮಾತ್ರ ನಗುವಿರಲಿಲ್ಲ. ನಟಿಯಾಗಿದ್ದ ಹೆಂಡತಿ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದಳು, ಮಗನಿಗೂ ಅದೇ ಕಾಯಿಲೆ. ತಮ್ಮ ಆಲ್ಬರ್ಟ್ ನಿರ್ದೇಶಿಸಿದ ‘ನಮ್ಮ ಬಾಲ್ಯದ ಟ್ಯಾಂಗೊ’ (1985) ಲೆನಿನಾಕಾನ್‌ನದೇ ಕಥೆ. ಮೂರೇ ವರ್ಷಕ್ಕೆ, 1988ರ ಡಿಸೆಂಬರ್ 7ರ ಭೂಕಂಪ ಆ ಊರನ್ನು ಕೆಡವಿತು.

1993ರ ಡಿಸೆಂಬರ್ 29ರಂದು ಫ್ರುಂಜಿಕ್ ತೀರಿಕೊಂಡಾಗ ಆರ್ಮೇನಿಯಾದಲ್ಲಿ ಯುದ್ಧ, ದಿಗ್ಬಂಧನ. ದಿನಕ್ಕೆ ಒಂದೆರಡು ಗಂಟೆ ಕರೆಂಟು ಇದ್ದರೆ ಪುಣ್ಯ. ಅಂಥ ಚಳಿಯಲ್ಲಿ, ಹೊಸ ವರ್ಷದ ಹಿಂದಿನ ದಿನ, ಜನ ಸಾಗರದಂತೆ ಬಂದು ಅವನನ್ನು ಕಳಿಸಿಕೊಟ್ಟರು.

‘ಮಿಮಿನೊ’ ಸಬ್‌ಟೈಟಲ್ ಜೊತೆ ಸಿಕ್ಕರೆ ಬಿಡಬೇಡಿ. ನೋಡಿದ ಮೇಲೆ ಹೇಳಿ, ನಮ್ಮವನೊಬ್ಬ ಹಿಂದಿ ಸಿನಿಮಾದಲ್ಲಿ ರೂಬಿಕ್‌ನಂತೆ ಕಂಡದ್ದು ನಿಮಗೆ ನೆನಪಿದೆಯಾ?