ಬೋಪಣ್ಣ ಓಜೆಕಿ, ಭೂಪತಿ ಯೊಕೊಜುನಾ: ಟೆನಿಸ್ ಆಟಗಾರರಿಗೆ ಸುಮೊ ಪಟ್ಟ ಕಟ್ಟುವ ಬಗ್ಗೆ ಒಂದು ಟಿಪ್ಪಣಿ

2024ರ ಜನವರಿ 29ರಂದು ಕೊಡಗಿನ ರೋಹನ್ ಬೋಪಣ್ಣ ಪುರುಷರ ಡಬಲ್ಸ್ ರ‍್ಯಾಂಕಿಂಗಿನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೇರಿದರು. ಆಗ ಅವರಿಗೆ 43 ವರ್ಷ. ಎರಡು ದಿನ ಮೊದಲಷ್ಟೇ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಗೆದ್ದಿದ್ದರು. ಅವರಿಗಿಂತ ಸುಮಾರು 25 ವರ್ಷ ಹಿಂದೆ, 1999ರ ಏಪ್ರಿಲ್‌ನಲ್ಲಿ, ಮಹೇಶ್ ಭೂಪತಿ ಅದೇ ಸ್ಥಾನದಲ್ಲಿದ್ದರು. ಕಂಪ್ಯೂಟರ್ ಪಟ್ಟಿಯ ಕಣ್ಣಿಗೆ ಇಬ್ಬರೂ ಒಂದೇ. ಸುಮೊ ಕುಸ್ತಿಯ ಪಟ್ಟಗಳಲ್ಲಿ ಅಳೆದರೂ ಇಬ್ಬರೂ ಒಂದೇ ಮೆಟ್ಟಿಲಲ್ಲಿ ನಿಲ್ಲುತ್ತಾರೆಯೇ?

ಮೊದಲು ಎರಡೂ ಪದ್ಧತಿಗಳ ಸ್ವಭಾವ ನೋಡಬೇಕು. 1973ರ ಆಗಸ್ಟ್‌ನಲ್ಲಿ ಶುರುವಾದ ಎಟಿಪಿ ರ‍್ಯಾಂಕಿಂಗ್‌ಗೆ 52 ವಾರಗಳಾಚೆಯ ನೆನಪಿಲ್ಲ. ಗ್ರ್ಯಾಂಡ್‌ಸ್ಲಾಮ್ ಗೆದ್ದವರ 2000 ಪಾಯಿಂಟುಗಳೂ ವರ್ಷ ತುಂಬಿದೊಡನೆ ಕಳಚಿಬೀಳುತ್ತವೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಕಂಡವರಿಗೆ ಇದು ಹೊಸದಲ್ಲ: ಹೋದ ಬೆಳೆಗೆ ಎಲ್ಲರಿಗಿಂತ ಹೆಚ್ಚು ರೇಟು ತಂದ ಚಿಂತಾಮಣಿ ಕಡೆಯ ರೈತನ ಲಾಟಿಗೂ ರೀಲರು ಇವತ್ತಿನ ಗೂಡನ್ನು ಕೈಯಲ್ಲಿ ಹಿಡಿದು ನೋಡಿಯೇ ಬೆಲೆ ಕಟ್ಟುತ್ತಾರೆ.

ನಮ್ಮ ನಾಡಕುಸ್ತಿಯ ಬಿರುದು ಇದಕ್ಕೆ ತದ್ವಿರುದ್ಧ. ಬೆಳಗಾವಿ ಜಿಲ್ಲೆಯ ಎಕ್ಸಂಬಾದ ಶ್ರೀಪತಿ ಖಂಚನಾಳೆ 1959ರಲ್ಲಿ ಹಿಂದ್ ಕೇಸರಿಯಾದರು. 2020ರಲ್ಲಿ ತೀರಿಕೊಂಡಾಗಲೂ ಹಿಂದ್ ಕೇಸರಿಯೇ. ಮೈಸೂರಿನ ದಸರಾ ಕಂಠೀರವ, ದಸರಾ ಕೇಸರಿ ಬಿರುದುಗಳೂ ಬಂದ ಮೇಲೆ ಹೋಗುವಂಥವಲ್ಲ.

ಸುಮೊ ಇವೆರಡರ ನಡುವೆ ನಿಲ್ಲುತ್ತದೆ. ವರ್ಷಕ್ಕೆ ಆರು ದೊಡ್ಡ ಟೂರ್ನಿ. ಮೇಲ್ದರ್ಜೆಯವರು ಒಂದೊಂದರಲ್ಲೂ 15 ಕುಸ್ತಿ ಆಡಬೇಕು. ಎಂಟು ಗೆದ್ದರೆ ಉಳಿಗಾಲ, ಎಂಟು ಸೋತರೆ ಇಳಿಗಾಲ. ಪ್ರತಿ ಟೂರ್ನಿಗೂ ಹೊಸ ಪಟ್ಟಿ ಬರುತ್ತದೆ, ಅದೇ ಬಂಜುಕೆ. ಮೇಲ್ದರ್ಜೆಯಲ್ಲಿ ಕೆಳಗಿನಿಂದ ಮಯೆಗಶಿರ, ಕೊಮುಸುಬಿ, ಸೆಕಿವಾಕೆ, ಓಜೆಕಿ, ತುದಿಯಲ್ಲಿ ಯೊಕೊಜುನಾ. ಓಜೆಕಿಯಾಗಲು ಮೂರು ಟೂರ್ನಿಗಳಲ್ಲಿ ಒಟ್ಟು 33 ಗೆಲುವು ಬೇಕೆನ್ನುವುದು ರೂಢಿ. ಓಜೆಕಿ ಸತತ ಎರಡು ಟೂರ್ನಿಗಳಲ್ಲಿ ಸೋಲು ಹೆಚ್ಚು ಮಾಡಿಕೊಂಡರೆ ಸೆಕಿವಾಕೆಗೆ ಇಳಿಯುತ್ತಾನೆ. ಮರು ಟೂರ್ನಿಯಲ್ಲೇ ಹತ್ತು ಗೆದ್ದರೆ ಪಟ್ಟ ವಾಪಸ್. ಯೊಕೊಜುನಾಗೆ ಮಾತ್ರ ಇಳಿತವಿಲ್ಲ, ನಿವೃತ್ತಿಯೊಂದೇ ದಾರಿ. ಇಳಿತ ಎಂಥದ್ದಿರಬಹುದು ಎಂಬುದಕ್ಕೆ ತೆರುನೊಫುಜಿ ಸಾಕ್ಷಿ: 2017ರಲ್ಲಿ ಓಜೆಕಿ ಪಟ್ಟ ಕಳೆದುಕೊಂಡು, 2019ರ ಹೊತ್ತಿಗೆ ಕೆಳಗಿನಿಂದ ಎರಡನೇ ವಿಭಾಗಕ್ಕೆ ಕುಸಿದು, ಅಲ್ಲಿಂದ ಹತ್ತಿ 2021ರಲ್ಲಿ ಯೊಕೊಜುನಾ ಆದರು.

ಟೆನಿಸ್‌ಗೆ ಈ ಲೆಕ್ಕ ನೇರವಾಗಿ ಒಗ್ಗುವುದಿಲ್ಲ. ಅಲ್ಲಿ ಒಂದು ಸಲ ಸೋತರೆ ಹೊರಗೆ. 15ಕ್ಕೆ ಎಂಟು ಎನ್ನುವ ಮಾತೇ ಬರುವುದಿಲ್ಲ. ಆದ್ದರಿಂದ ಇಲ್ಲಿ ನಾಲ್ಕು ಗ್ರ್ಯಾಂಡ್‌ಸ್ಲಾಮ್‌ಗಳನ್ನು ಮಾತ್ರ ಹಿಡಿದು, ಶ್ರೇಯಾಂಕವನ್ನೇ ಸಾಲವೆಂದು ಎಣಿಸಿದ್ದೇನೆ. ಎರಡನೇ ಶ್ರೇಯಾಂಕದವರು ಫೈನಲ್ ತಲುಪಬೇಕು, ಆರನೆಯವರು ಕ್ವಾರ್ಟರ್‌ಫೈನಲ್. ಅಲ್ಲಿಗೆ ತಲುಪಿದರೆ ಸಾಲ ತೀರಿತು, ತಲುಪದಿದ್ದರೆ ಬಾಕಿ. ಇನ್ನೊಂದು ತೊಡಕು, ಸುಮೊದಲ್ಲಿ ಜೋಡಿಯಾಟವೇ ಇಲ್ಲ. ಆದರೆ ಡಬಲ್ಸ್ ರ‍್ಯಾಂಕಿಂಗ್ ಕೂಡ ಒಬ್ಬೊಬ್ಬರ ಹೆಸರಿಗೇ ಬರುವುದರಿಂದ ಆ ತೊಡಕನ್ನು ದಾಟಬಹುದು.

ಬೋಪಣ್ಣ–ಎಬ್ಡೆನ್ ಜೋಡಿ 2023ರ ವಿಂಬಲ್ಡನ್‌ನಲ್ಲಿ ಆರನೇ ಶ್ರೇಯಾಂಕ ಹೊತ್ತು ಸೆಮಿಫೈನಲ್, ಅದೇ ವರ್ಷ ಯುಎಸ್ ಓಪನ್‌ನಲ್ಲಿ ಆರನೇ ಶ್ರೇಯಾಂಕದಲ್ಲೇ ಫೈನಲ್ ತಲುಪಿತು. ಮೂರನೆಯದು ಎರಡನೇ ಶ್ರೇಯಾಂಕದೊಂದಿಗೆ ಆಸ್ಟ್ರೇಲಿಯಾದ ಪ್ರಶಸ್ತಿ. ಮೂರು ಟೂರ್ನಿಗಳ ಇಂಥ ಏರಿಕೆ ಕಂಡರೆ ಸುಮೊ ಸಂಘ ಓಜೆಕಿ ಪಟ್ಟ ಕೊಡಲು ಹಿಂದೆಮುಂದೆ ನೋಡದು. ಆಮೇಲಿನದು ಇಳಿಜಾರು: ಎರಡನೇ ಶ್ರೇಯಾಂಕವಿದ್ದೂ ಪ್ಯಾರಿಸ್‌ನಲ್ಲಿ ಸೆಮಿಫೈನಲ್, ವಿಂಬಲ್ಡನ್‌ನಲ್ಲಿ ಎರಡನೇ ಸುತ್ತು. ಸತತ ಎರಡು ಬಾಕಿ; ಪಟ್ಟ ಹೋಯಿತು. ಮರಳಿ ಪಡೆಯುವ ಅವಕಾಶ ಯುಎಸ್ ಓಪನ್, ಅದೂ ಮೂರನೇ ಸುತ್ತಿನಲ್ಲಿ ಮುಗಿಯಿತು. ಎರಡನೇ ಶ್ರೇಯಾಂಕದವರಿಗೆ ಸೆಮಿಫೈನಲ್ ಸಾಕೆಂದು ನಿಯಮ ಸಡಿಲಿಸಿದರೆ ಪ್ಯಾರಿಸ್ ಬಾಕಿ ತೀರುತ್ತದೆ ನಿಜ. ಆಗ ವಿಂಬಲ್ಡನ್ ಮತ್ತು ಯುಎಸ್ ಓಪನ್ ಸೇರಿ ಅದೇ ಕೆಲಸ ಮಾಡುತ್ತವೆ. ಹೇಗೆ ಎಣಿಸಿದರೂ 2024ರ ಕೊನೆಗೆ ಅವರು ಓಜೆಕಿಯಲ್ಲ. ಮಂಡಿನೋವಿನೊಂದಿಗೆ ಗುದ್ದಾಡಿದ ಆಟಗಾರನ ಮಟ್ಟಿಗೆ ಇದು ಕಟು ಲೆಕ್ಕವೇ.

ಭೂಪತಿಯವರದು ಬೇರೆ ಕಥೆ. ಲಿಯಾಂಡರ್ ಪೇಸ್ ಜೊತೆ ಅವರು 1999ರಲ್ಲಿ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಫೈನಲ್ ಆಡಿದರು. ಫ್ರೆಂಚ್ ಓಪನ್, ವಿಂಬಲ್ಡನ್ ಎರಡನ್ನೂ ಬೆನ್ನುಬೆನ್ನಿಗೆ ಗೆದ್ದರು. ಓಜೆಕಿಯಾಗಿದ್ದು ಸತತ ಎರಡು ಪ್ರಶಸ್ತಿ ಗೆಲ್ಲುವುದು, ಇಲ್ಲವೇ ಅದಕ್ಕೆ ಸಮನಾದ ಸಾಧನೆ, ಯೊಕೊಜುನಾ ಪಟ್ಟಕ್ಕೆ ಕೇಳುವ ಅಳತೆ. ಅದು ಇಲ್ಲಿ ಸರಿಯಾಗಿ ಕೂರುತ್ತದೆ. ಹಾಗಾಗಿ ಎಟಿಪಿ ಪಟ್ಟಿ ಸಮವೆನ್ನುವ ಇಬ್ಬರೂ ಏರಿದ ಅತಿ ಎತ್ತರದ ಪಟ್ಟಗಳ ನಡುವೆ ಸುಮೊ ಒಂದು ಮೆಟ್ಟಿಲಿನ ಅಂತರ ತೋರಿಸುತ್ತದೆ.

ಆದರೆ ಪದ್ಧತಿ ಮುರಿಯುವುದೂ ಇಲ್ಲೇ. ಇಳಿತವಿಲ್ಲದ ಪಟ್ಟ ಕೊಟ್ಟರೆ ಪೇಸ್ 1999ರಿಂದ 2020ರವರೆಗೂ ಯೊಕೊಜುನಾ ಆಗಿಯೇ ಆಡಿದರೆನ್ನಬೇಕಾಗುತ್ತದೆ. ಕಸುವು ಕುಂದಿದ ಯೊಕೊಜುನಾ ಕಣ ಬಿಡಲೇಬೇಕೆಂದು ಜಪಾನ್ ಬಯಸುತ್ತದೆ. ಮೊದಲ ಸುತ್ತಿನಲ್ಲಿ ಸೋತು ಮುಂದಿನ ವಾರ ಇನ್ನೊಂದು ಊರಿಗೆ ಹೊರಡುವ ಟೆನಿಸ್ ಆಟಗಾರನಿಗೆ ಅಂಥ ಕಟ್ಟುಪಾಡಿಲ್ಲ. ಈ ಒಂದು ಮೆಟ್ಟಿಲಿಗೆ ಮೈಸೂರಿನ ರೂಢಿಯೇ ವಾಸಿ ಎನ್ನುವುದು ನನ್ನ ಅಭಿಪ್ರಾಯ. ದಸರಾ ಕಂಠೀರವನ ಹೆಸರಿನೊಂದಿಗೆ ಗೆದ್ದ ವರ್ಷವೂ ಇರುತ್ತದೆ. ಭೂಪತಿ, ಪೇಸ್ ಇಬ್ಬರನ್ನೂ ‘1999ರ ಯೊಕೊಜುನಾ’ ಎಂದು ಬರೆದರೆ ಬಿರುದೂ ಉಳಿಯುತ್ತದೆ, ಆಮೇಲಿನ ಸೋಲುಗಳಿಗೆ ಅದು ಅಡ್ಡವೂ ಬರುವುದಿಲ್ಲ.

ಸಿಂಗಲ್ಸ್‌ಗೆ ಇದನ್ನು ವಿಸ್ತರಿಸುವಾಗ ಶ್ರೇಯಾಂಕವಿಲ್ಲದವರ ಲೆಕ್ಕ ಬೇರೆ ಮಾಡಬೇಕು. 128 ಮಂದಿಯಲ್ಲಿ ಶ್ರೇಯಾಂಕ ಸಿಗುವುದು 32 ಜನಕ್ಕೆ. ಉಳಿದ 96 ಮಂದಿಯನ್ನು ಮಯೆಗಶಿರ ಮತ್ತು ಅದರ ಕೆಳಗಿನ ವಿಭಾಗಗಳಿಗೆ ಹಂಚಿ, ಒಂದು ಸುತ್ತು ಗೆದ್ದರೆ ಸಾಲ ತೀರಿತೆಂದು ಹಿಡಿಯುವುದು ಸದ್ಯಕ್ಕೆ ನಾನು ಅನುಸರಿಸುತ್ತಿರುವ ನಿಯಮ.