ಹಳಿ ಮೊದಲು ಬಂತು, ಗಡಿ ಆಮೇಲೆ

ಮಂಗಳೂರಿನಲ್ಲಿ ಇನ್ನೊಂದು ರೈಲ್ವೆ ಸ್ಟೇಷನ್ ಬೇಕು, ಅದೂ ನಮ್ಮ ಬಡಾವಣೆಯ ಪಕ್ಕದಲ್ಲೇ ಬೇಕು ಎಂಬ ಮಾತು ಆಗಾಗ ಏಳುತ್ತದೆ. ಕೇಳುವವರು ಹೆಚ್ಚಾಗಿ ನಗರದವರು. ಆದರೆ ಆ ಸ್ಟೇಷನ್ನುಗಳಲ್ಲಿ ದಿನಾ ಬೆಳಿಗ್ಗೆ ಇಳಿಯುವವರಲ್ಲಿ ಕುಂಬಳೆ, ಉಪ್ಪಳ, ಮಂಜೇಶ್ವರದ ನಾವೂ ಇದ್ದೇವೆ. ನಾವು ಕೇರಳದ ಮತದಾರರು, ಆದರೆ ಆಸ್ಪತ್ರೆ, ಕಾಲೇಜು, ಸಗಟು ವ್ಯಾಪಾರ ಎಲ್ಲಕ್ಕೂ ಮಂಗಳೂರೇ ಬೇಕು. ಹಾಗಾಗಿ ಸ್ಟೇಷನ್ನಿನ ಚರ್ಚೆ ನಮ್ಮದೂ ಹೌದು. ಮೊದಲು ಅದರ ಚರಿತ್ರೆ ನೋಡೋಣ.

ಮದ್ರಾಸ್ ರೈಲ್ವೆಯ ಹಳಿ ಮಲಬಾರಿನ ಕರಾವಳಿ ಹಿಡಿದು ಉತ್ತರಕ್ಕೆ ಬಂದು 1907ರಲ್ಲಿ ಮಂಗಳೂರು ಮುಟ್ಟಿತು. ಅದಕ್ಕಾಗಿ ಚಂದ್ರಗಿರಿ, ಶಿರಿಯ, ಉಪ್ಪಳ ಹೊಳೆಗಳನ್ನೂ ಕೊನೆಗೆ ನೇತ್ರಾವತಿಯನ್ನೂ ದಾಟಬೇಕಾಯಿತು. ಅಲ್ಲಿಯವರೆಗೆ ದೋಣಿ, ಎತ್ತಿನ ಗಾಡಿ, ಕಡವುಗಳನ್ನು ನಂಬಿದ್ದ ವ್ಯಾಪಾರಿಗಳಿಗೆ ಮಳೆಗಾಲದಲ್ಲೂ ನಿಲ್ಲದ ಒಂದು ದಾರಿ ಸಿಕ್ಕಿತು. ವ್ಯಾಪಾರವನ್ನೇ ನೆಚ್ಚಿಕೊಂಡಿದ್ದ ನಮ್ಮ ಹಿರಿಯರಿಗೆ ಇದು ಸಣ್ಣ ವಿಷಯವಲ್ಲ. 1908ರಿಂದ ಈ ಹಳಿಯನ್ನು ಸೌತ್ ಇಂಡಿಯನ್ ರೈಲ್ವೆ ನಡೆಸಿತು. 1951ರಲ್ಲಿ ಅದು ದಕ್ಷಿಣ ರೈಲ್ವೆಗೆ ಸೇರಿತು.

ಆಗ ಮಂಗಳೂರೂ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ, ಒಂದೇ ಮದ್ರಾಸ್ ಪ್ರಾಂತ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾಗಿ ಮಂಗಳೂರು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಹೋದವು. ಅಂದರೆ ಹಳಿ ಗಡಿಗಿಂತ 49 ವರ್ಷ ಹಿರಿದು. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಜಾರಿಯಾಗಲಿಲ್ಲ. ತಲಪಾಡಿಯಲ್ಲಿ ಗಡಿ ನಿಂತಿತು, ರೈಲು ಮಾತ್ರ ಎಂದಿನಂತೆ ಓಡಿತು. ಇಂದಿಗೂ ಮಂಗಳೂರು ಸೆಂಟ್ರಲ್ ಇರುವುದು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿ.

ಈ ಹಳೆಯ ಸ್ಟೇಷನ್ನಿಗೆ ಒಂದು ತೊಡಕು ಇದೆ. ಅದು ಹಳಿಯ ಕೊನೆ. ಕೇರಳದಿಂದ ಬಂದ ರೈಲು ಅಲ್ಲಿಂದ ಮುಂದೆ ಹೋಗಬೇಕಾದರೆ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸಬೇಕು. 1907ರಲ್ಲಿ ಮಂಗಳೂರಿನಾಚೆಗೆ ಹಳಿಯೇ ಇರಲಿಲ್ಲ, ಆದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. 1979ರಲ್ಲಿ ಹಾಸನದ ಮೀಟರ್ ಗೇಜ್ ಬಂತು, 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಯಿತು. ಮುಂಬೈ ಕಡೆಗೆ ನೇರ ಹೋಗುವ ರೈಲುಗಳು ಸೆಂಟ್ರಲ್‌ಗೆ ಬರದೆ ಪಡೀಲಿನ ದಿಕ್ಕಿಗೆ ತಿರುಗಿದವು. ಅಲ್ಲಿನ ಕಂಕನಾಡಿ ಸ್ಟೇಷನ್ ಈಗ ಮಂಗಳೂರು ಜಂಕ್ಷನ್. ಹೆಸರು ಕಂಕನಾಡಿಯದ್ದಾದರೂ ಜಾಗ ಕಂಕನಾಡಿ ಪೇಟೆಯಿಂದ ದೂರ. ರಾತ್ರಿ ಎರಡು ಗಂಟೆಗೆ ಅಲ್ಲಿ ಇಳಿದವರಿಗೆ ರೈಲಿನ ಟಿಕೆಟ್ಟಿಗಿಂತ ರಿಕ್ಷಾದ ಬಾಡಿಗೆ ಜಾಸ್ತಿ ಎಂದರೆ ನಿಮಗೆ ಆಶ್ಚರ್ಯವಾಗಲಿಕ್ಕಿಲ್ಲ.

ಇದರಿಂದ ನಾವು ಕಲಿಯಬೇಕಾದ ಪಾಠ ಒಂದೇ. ಸ್ಟೇಷನ್ ಎಲ್ಲಿರಬೇಕು ಎಂಬುದನ್ನು ಜನರ ಮನೆ ನೋಡಿ ತೀರ್ಮಾನಿಸಿದ್ದಲ್ಲ. ಹಳಿಯ ತಿರುವು, ನೆಲದ ಏರಿಳಿತ ನೋಡಿ ತೀರ್ಮಾನಿಸಿದ್ದು. ನಿಂತ ಗಾಡಿ ತಾನಾಗಿ ಉರುಳಬಾರದು ಎಂದು ಸ್ಟೇಷನ್ ಯಾರ್ಡಿನ ಇಳಿಜಾರು 400 ಅಡಿಗೆ ಒಂದು ಅಡಿಗಿಂತ ಹೆಚ್ಚಿರಬಾರದೆಂಬ ನಿಯಮವಿದೆ. ಗುಡ್ಡ ಕಡಿದು ಹಳಿ ಹಾಕಿದ ನಮ್ಮ ಊರಿನಲ್ಲಿ ಅಂಥ ಸಮತಟ್ಟು ಜಾಗ ಬೇಕಾದಲ್ಲೆಲ್ಲ ಸಿಗುವುದಿಲ್ಲ. ಸಿಕ್ಕರೂ, ಕಟ್ಟಡ ಎದ್ದ ಮಾತ್ರಕ್ಕೆ ರೈಲು ನಿಲ್ಲುವುದಿಲ್ಲ. ಭಾರದ ಎಕ್ಸ್‌ಪ್ರೆಸ್ ರೈಲು ಬ್ರೇಕ್ ಹಾಕಿ, ನಿಂತು, ಮತ್ತೆ ವೇಗ ಹಿಡಿಯುವಷ್ಟರಲ್ಲಿ ಕೆಲವು ನಿಮಿಷ ಹೋಗುತ್ತವೆ. ರೈಲ್ವೆಯವರು ಲೆಕ್ಕ ಹಾಕುವುದು ಆ ನಿಮಿಷಗಳನ್ನು. ಮೆಮು ರೈಲಿನಲ್ಲಿ ಮೋಟಾರುಗಳು ಬೇರೆ ಬೇರೆ ಬೋಗಿಗಳ ಅಡಿಯಲ್ಲಿ ಹಂಚಿಕೊಂಡಿರುವುದರಿಂದ ಅದು ಬೇಗ ವೇಗ ಹಿಡಿಯುತ್ತದೆ. ಹತ್ತಿರ ಹತ್ತಿರದ ನಿಲ್ದಾಣಗಳಿಗೆ ಅದೇ ಸರಿ.

ನಮಗೆ ರೈಲಿನ ಬೆಲೆ ಚೆನ್ನಾಗಿ ತಿಳಿದದ್ದು 2020ರ ಮಾರ್ಚ್‌ನಲ್ಲಿ. ಲಾಕ್‌ಡೌನಿಗೆ ಪ್ರಯಾಣಿಕರ ರೈಲು ನಿಂತಿತು, ಗಡಿಯ ರಸ್ತೆಗಳಿಗೆ ಮಣ್ಣು ಬಿತ್ತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಗಡಿಯ ರೋಗಿಗಳು ತಲಪಾಡಿಯಲ್ಲಿ ಸಿಕ್ಕಿಕೊಂಡರು. ಕೆಲವರು ಚಿಕಿತ್ಸೆ ಸಿಗದೆ ತೀರಿಹೋದರು. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಯಿತು. ಅಂದು ಉಪ್ಪನ ಅಂಗಡಿಯ ಮುಂದೆ ನಿಂತವರು ಕೇಳುತ್ತಿದ್ದುದು ಅಕ್ಕಿಯ ಬೆಲೆಯನ್ನಲ್ಲ, ಡಯಾಲಿಸಿಸ್‌ಗೆ ಹೋಗುವುದು ಹೇಗೆ ಎಂದು.

ಮಂಗಳೂರನ್ನು ಪಾಲಕ್ಕಾಡಿನಿಂದ ಬಿಡಿಸಿ ಮೈಸೂರು ವಿಭಾಗಕ್ಕೆ ಸೇರಿಸಬೇಕೆಂಬ ಬೇಡಿಕೆ ಹಳೆಯದು. ನಗರದವರಿಗೆ ಅದಕ್ಕೆ ಕಾರಣಗಳಿವೆ; ಬೆಂಗಳೂರಿಗೆ ಹೆಚ್ಚು ರೈಲು ಬೇಕು, ಕನ್ನಡದಲ್ಲಿ ಉತ್ತರ ಬೇಕು. ಅದನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ಹೆದರಿಕೆ ಬೇರೆ. ರೈಲ್ವೆಯ ಗಡಿಯೂ ರಾಜ್ಯದ ಗಡಿಯೂ ಒಂದೇ ಆದರೆ ಕಾಸರಗೋಡಿನಿಂದ ಬರುವ ಬೆಳಗಿನ ರೈಲಿನ ಬಗ್ಗೆ ಯಾರು ಮಾತಾಡುತ್ತಾರೆ? ಆ ಕಡೆಯವರಿಗೆ ನಾವು ಕೊನೆ, ಈ ಕಡೆಯವರಿಗೆ ನಾವು ಹೊರಗಿನವರು.

ಆದ್ದರಿಂದ ಹೊಸ ಸ್ಟೇಷನ್ನಿಗೆ ಮನವಿ ಬರೆಯುವವರಲ್ಲಿ ಒಂದು ವಿನಂತಿ. ಬಡಾವಣೆಯ ಹೆಸರಿನ ಬೋರ್ಡು ಕೇಳುವಾಗ ಅಲ್ಲಿ ಯಾವ ರೈಲು, ಎಷ್ಟು ಗಂಟೆಗೆ ನಿಲ್ಲಬೇಕು ಎಂಬುದನ್ನೂ ಬರೆಯಿರಿ. ಕಾಲೇಜಿಗೂ ಆಸ್ಪತ್ರೆಗೂ ಸಮಯಕ್ಕೆ ಮುಟ್ಟುವ, ಸಂಜೆ ಮನೆಗೆ ವಾಪಸು ತರುವ ರೈಲು ಕೇಳಿ. ಆ ಮನವಿಗೆ ಮಂಜೇಶ್ವರ, ಉಪ್ಪಳ, ಕುಂಬಳೆಯವರ ಸಹಿಯನ್ನೂ ತೆಗೆದುಕೊಳ್ಳಿ. ನಾವು ಹಾಕುತ್ತೇವೆ, ಕನ್ನಡದಲ್ಲೇ.